ರಾತ್ರಿಯ ಲೆಕ್ಕ: ಕ್ರೈಸ್ತರಾಗಿ ಬಾಳಲು ಹನ್ನೆರಡು ಸೂತ್ರಗಳು

ಯಶಸ್ಸಿನ ಪುಸ್ತಕಗಳೆಲ್ಲ ‘ನೀವು ಏನಾಗಬೇಕು’ ಎಂಬಲ್ಲಿಂದ ಶುರುವಾಗುತ್ತವೆ. ಕ್ರೈಸ್ತರ ದಾರಿ ತಿರುಗುಮುರುಗು. ನಮ್ಮಲ್ಲಿ ಬಹಳ ಜನಕ್ಕೆ ಗುರುತು ಸಿಕ್ಕಿದ್ದು ಮಾತು ಬಾರದ ವಯಸ್ಸಿನಲ್ಲಿ, ದೀಕ್ಷಾಸ್ನಾನದ ದಿನ. ಅದನ್ನು ಯಾರೂ ದುಡಿದು ಗಳಿಸಲಿಲ್ಲ. ಉಳಿದಿರುವ ಕೆಲಸ ಒಂದೇ: ಸಿಕ್ಕ ಗುರುತಿಗೆ ತಕ್ಕ ಹಾಗೆ ಬದುಕುತ್ತಿದ್ದೇವೆಯೇ ಎಂದು ಆಗಾಗ ಲೆಕ್ಕ ನೋಡುವುದು. ಭಾನುವಾರದ ಪ್ರಸಂಗದಲ್ಲಿ ‘ಆತ್ಮಪರೀಕ್ಷೆ ಮಾಡಿಕೊಳ್ಳಿ’ ಎಂಬ ಮಾತು ತಪ್ಪದೆ ಬರುತ್ತದೆ. ಹೇಗೆ ಮಾಡಿಕೊಳ್ಳಬೇಕು ಎಂಬುದು ಮಾತ್ರ ಬರುವುದು ಅಪರೂಪ. ಹಿಂದಿನವರು ಮಾಡಿ ನೋಡಿದ ಉಪಾಯಗಳಲ್ಲಿ ಮನೆ, ಮಕ್ಕಳು, ಕೆಲಸ ಇರುವವರಿಗೂ ಸಾಧ್ಯವಾಗುವಂಥವನ್ನು ಇಲ್ಲಿ ಆರಿಸಿದ್ದೇನೆ.

1. ಸರ್ಟಿಫಿಕೇಟು ಪೆಟ್ಟಿಗೆಯಲ್ಲಿರಲಿ, ಪ್ರಶ್ನೆ ಹೊರಗಿರಲಿ

ಪಂಡಿತಾ ರಮಾಬಾಯಿಯವರ ಕಥೆಯನ್ನು ಕರಾವಳಿಯ ಕ್ರೈಸ್ತರಾದರೂ ಓದಿಕೊಂಡಿರಬೇಕು. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಲು ಹೊರಟು ಸುತ್ತಲಿನವರ ಟೀಕೆಗೆ ಗುರಿಯಾಗಿ, ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡವರು. ರಮಾಬಾಯಿ ಹುಟ್ಟಿದ್ದು ಅಲ್ಲಿಯೇ, 1858ರಲ್ಲಿ. ಮುಂದೆ ತೀರ್ಥಯಾತ್ರೆಯ ಅಲೆದಾಟ; ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರ ಸಂಸ್ಕೃತ ಕೇಳಿ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು.

ಆದರೆ ದೀಕ್ಷಾಸ್ನಾನವಾಯಿತೆಂದು ಅವರು ಸಭೆ ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಅಲ್ಲಿನ ಕನ್ಯಾಸ್ತ್ರೀಯರ ಜೊತೆ ಪತ್ರಗಳಲ್ಲಿ ಜಗಳವನ್ನೇ ಆಡಿದರು. ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತ ಏಕೆ ಆಗದು ಎಂದು ಕೇಳಿದರು. ಸಸ್ಯಾಹಾರ ಬಿಡಲಿಲ್ಲ. ಯಾವ ಪಂಗಡದ ಅಧಿಕಾರಕ್ಕೂ ಕಣ್ಣು ಮುಚ್ಚಿ ತಲೆಬಾಗಲಿಲ್ಲ. ಅದಕ್ಕಿಂತ ದೊಡ್ಡ ಮಾತನ್ನು ಅವರು 1907ರ ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಬರೆದರು: ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷದ ಮೇಲೆ, ತಮಗೆ ಸಿಕ್ಕಿರುವುದು ಕ್ರೈಸ್ತ ಧರ್ಮ, ಕ್ರಿಸ್ತ ಇನ್ನೂ ಸಿಕ್ಕಿಲ್ಲ ಎಂಬುದು ಅವರಿಗೆ ಗೊತ್ತಾಯಿತಂತೆ. ಆ ಹೊತ್ತಿಗಾಗಲೇ ಅವರು ಹೆಣ್ಣುಮಕ್ಕಳಿಗಾಗಿ ಶಾರದಾ ಸದನ ತೆರೆದಿದ್ದರು.

ನೀವೂ ಒಂದು ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ, ಮನೆತನದಿಂದ ಬಂದದ್ದು: ಹೆಸರು, ಹಬ್ಬ, ಇಗರ್ಜಿಯಲ್ಲಿ ಕೂರುವ ಜಾಗ, ಬಾಯಿಪಾಠದ ಪ್ರಾರ್ಥನೆ. ಬಲಕ್ಕೆ, ನೀವೇ ಕಂಡುಕೊಂಡದ್ದು. ಬಲಭಾಗ ಖಾಲಿ ಉಳಿದರೆ ಗಾಬರಿಯಾಗಬೇಡಿ. ರಮಾಬಾಯಿಯವರ ಮಹತ್ತಾದ ಕೆಲಸಗಳು, ಕೇಡಗಾಂವ್‌ನ ಮುಕ್ತಿ ಸದನ, ಮೂಲ ಭಾಷೆಗಳಿಂದ ಮಾಡಿದ ಮರಾಠಿ ಬೈಬಲ್ ಅನುವಾದ, ಎಲ್ಲವೂ ಆ ಖಾಲಿತನ ಕಂಡ ಮೇಲೆ ಬಂದವು.

2. ಮಲಗುವ ಮುಂಚೆ ಹದಿನೈದು ನಿಮಿಷ

ಅಂಗಡಿಯವನು ಬಾಗಿಲು ಹಾಕುವ ಮುಂಚೆ ಗಲ್ಲಾ ಎಣಿಸುವಂತೆ ದಿನವನ್ನು ಎಣಿಸುವ ಕ್ರಮವೊಂದನ್ನು ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಬರೆದಿಟ್ಟರು. ಅವರ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕಕ್ಕೆ ಪೋಪ್ ಮೂರನೇ ಪೌಲರ ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ. ಅದರಲ್ಲಿನ ಆತ್ಮಪರೀಕ್ಷೆಗೆ ಐದು ಮೆಟ್ಟಿಲು. ಮೊದಲು ದಿನದಲ್ಲಿ ಸಿಕ್ಕ ಒಳ್ಳೆಯದಕ್ಕೆ ಕೃತಜ್ಞತೆ. ಆಮೇಲೆ ತಪ್ಪು ಕಾಣುವ ಬೆಳಕಿಗಾಗಿ ಬೇಡಿಕೆ. ಮೂರನೆಯದು ಎದ್ದ ಗಳಿಗೆಯಿಂದ ಗಂಟೆ ಗಂಟೆಯಾಗಿ ದಿನವನ್ನು ನೋಡುವುದು: ಯೋಚನೆ, ಮಾತು, ಕೆಲಸ. ನಾಲ್ಕನೆಯದು ಕ್ಷಮೆ ಕೇಳುವುದು. ಐದನೆಯದು ನಾಳೆಗೆ ತಿದ್ದಿಕೊಳ್ಳುವ ನಿರ್ಧಾರ.

ಕೃತಜ್ಞತೆ ಮೊದಲು ಬರುವುದನ್ನು ಗಮನಿಸಿ. ನಮ್ಮಲ್ಲಿ ಅನೇಕರು ನೇರ ಮೂರನೆಯದಕ್ಕೆ ಹಾರಿ, ತಮ್ಮನ್ನೇ ಬೈದುಕೊಂಡು, ಬೇಸರದಲ್ಲಿ ಮಲಗಿ, ನಾಲ್ಕನೇ ದಿನ ಈ ಗೊಡವೆಯೇ ಬೇಡವೆಂದು ಬಿಟ್ಟುಬಿಡುತ್ತಾರೆ. ಒಲಿದವನ ಮುಂದೆ ಕೂತಿದ್ದೇನೆ ಎಂಬ ಅರಿವು ಬಂದ ಮೇಲೆ ತಪ್ಪು ಹೇಳಿಕೊಳ್ಳುವುದು ಸುಲಭ.

ಮೂರನೆಯದರಲ್ಲಿ ಗುಣವಿಶೇಷಣ ಬೇಡ, ಘಟನೆ ಬೇಕು. ‘ನಾನು ಕೋಪಿಷ್ಠ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಅದರಲ್ಲಿ ಒಂದು ಬಗೆಯ ಜಂಬವೂ ಇದೆ. ‘ಮೂರು ಗಂಟೆಗೆ ಆಫೀಸಿನ ಹುಡುಗನನ್ನು ಎಲ್ಲರೆದುರು ಗದರಿದೆ, ಅವನ ತಪ್ಪಿರಲಿಲ್ಲ’ ಎಂದರೆ ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸ ಕಾಣುತ್ತದೆ. ಹದಿನೈದು ನಿಮಿಷ ದಾಟಿಸಬೇಡಿ. ಅದಕ್ಕಿಂತ ಹೆಚ್ಚು ಹೊತ್ತು ಕೂತರೆ ಆತ್ಮಪರೀಕ್ಷೆ ಹೋಗಿ ಆತ್ಮಾನುಕಂಪ ಶುರುವಾಗುತ್ತದೆ.

3. ಒಂದು ಸಲಕ್ಕೆ ಒಂದೇ ದೋಷ

ಇಗ್ನೇಷಿಯಸರ ಅದೇ ಪುಸ್ತಕದಲ್ಲಿ ಇನ್ನೊಂದು ಉಪಾಯವಿದೆ, ಅಷ್ಟು ಪ್ರಚಾರ ಪಡೆಯದಿದ್ದರೂ ಬಹಳ ಕೆಲಸಕ್ಕೆ ಬರುವಂಥದ್ದು. ಬಿಡಬೇಕಾದ ಒಂದೇ ಒಂದು ದೋಷ ಆರಿಸಿಕೊಳ್ಳಿ. ಹಾಳೆಯ ಮೇಲೆ ದಿನಕ್ಕೆ ಎರಡು ಗೆರೆಯಂತೆ ಏಳು ದಿನದ ಗೆರೆ ಹಾಕಿ. ಮಧ್ಯಾಹ್ನದ ಊಟದ ಹೊತ್ತಿಗೊಮ್ಮೆ, ರಾತ್ರಿ ಊಟವಾದ ಮೇಲೊಮ್ಮೆ, ಎಷ್ಟು ಸಲ ಜಾರಿದಿರೋ ಅಷ್ಟು ಚುಕ್ಕಿ ಇಡಿ. ಎರಡನೇ ಗೆರೆಯಲ್ಲಿ ಮೊದಲನೆಯದಕ್ಕಿಂತ ಚುಕ್ಕಿ ಕಡಿಮೆಯಾಯಿತೇ, ಇಂದು ನಿನ್ನೆಗಿಂತ ಕಡಿಮೆಯೇ, ಈ ವಾರ ಹೋದ ವಾರಕ್ಕಿಂತ? ಇಷ್ಟೇ ನೋಡಬೇಕಾದದ್ದು. ಜಾರಿದ ಗಳಿಗೆಯಲ್ಲೇ ಎದೆಯ ಮೇಲೆ ಕೈಯಿಟ್ಟುಕೊಳ್ಳಿ ಎಂದೂ ಅವರು ಹೇಳುತ್ತಾರೆ. ನಾಲ್ಕು ಜನರ ನಡುವೆ ಇದ್ದಾಗಲೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು ಎಂಬುದೇ ಅದರ ಜಾಣತನ.

ಒಮ್ಮೆಗೇ ಸಂತರಾಗಲು ಹೊರಟವರು ವಾರದಲ್ಲಿ ಸುಸ್ತಾಗುತ್ತಾರೆ. ಚಾಡಿ ಮಾತು, ಮಗುವಿನ ಮೇಲೆ ರೇಗುವುದು, ಸುಳ್ಳು ನೆಪ: ಇವುಗಳಲ್ಲಿ ಯಾವುದಾದರೊಂದು ಸಾಕು.

4. ಯಾವ ಸಂತೋಷ ಎಷ್ಟು ಹೊತ್ತು ಉಳಿಯಿತು ನೋಡಿ

‘ನನ್ನ ಬಾಳಿನ ಉದ್ದೇಶವೇನು?’ ಎಂಬ ಪ್ರಶ್ನೆಗೆ ಆಕಾಶವಾಣಿ ಕಾದು ಕೂತವರಿಗೆ ಈ ಸೂತ್ರ. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಇಗ್ನೇಷಿಯಸರ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದಲು ವೀರಗಾಥೆ ಕೇಳಿದರು, ಮನೆಯಲ್ಲಿ ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಮಲಗಿದಲ್ಲೇ ಎರಡು ಬಗೆಯ ಹಗಲುಗನಸು ಕಂಡರು. ಒಂದು ರಾಜಮನೆತನದ ಹೆಂಗಸೊಬ್ಬಳ ಮೆಚ್ಚುಗೆ ಗಳಿಸುವ ಸಾಹಸದ ಕನಸು, ಇನ್ನೊಂದು ಸಂತರಂತೆ ಬಾಳುವ ಕನಸು. ಕಾಣುವಾಗ ಎರಡೂ ಹಿತವೇ. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದರ ಸಂತೋಷ ಆಮೇಲೂ ಉಳಿಯುತ್ತಿತ್ತು. ಅವರ ಮುಂದಿನ ದಾರಿಯೆಲ್ಲ ಈ ಸಣ್ಣ ಗಮನಿಕೆಯಿಂದ ಹೊರಟಿತು.

ಬಡ್ತಿ ಸಿಕ್ಕ ಸಂಜೆಯ ಖುಷಿ ಎಷ್ಟು ದಿನ ಬಂತು? ಪಕ್ಕದ ಬೀದಿಯ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನದ್ದು? ಒಂದು ತಿಂಗಳು ಗುರುತು ಹಾಕಿಕೊಂಡು ಬನ್ನಿ, ಉದ್ದೇಶ ಯಾವ ದಿಕ್ಕಿನಲ್ಲಿದೆ ಎಂಬ ಅಂದಾಜು ಸಿಗುತ್ತದೆ.

5. ವಾಗ್ದಾನದ ಕಾರ್ಡಿನ ಹಿಂದಿರುವ ಅಧ್ಯಾಯವನ್ನೂ ಓದಿ

ಹೊಸ ವರ್ಷದ ಆರಾಧನೆಯಲ್ಲಿ ವಚನದ ಕಾರ್ಡು ಎತ್ತುವ ಪದ್ಧತಿ ನಮ್ಮ ಎಷ್ಟೋ ಸಭೆಗಳಲ್ಲಿದೆ. ಅವುಗಳಲ್ಲಿ ಜನರಿಗೆ ಬಲು ಪ್ರಿಯವಾದದ್ದು ಯೆರೆಮೀಯನ ಇಪ್ಪತ್ತೊಂಬತ್ತನೇ ಅಧ್ಯಾಯದ ಹನ್ನೊಂದನೇ ವಚನ, ದೇವರು ನಮ್ಮ ಹಿತವನ್ನೇ ಯೋಚಿಸಿದ್ದಾನೆ ಎಂಬ ಭರವಸೆಯದು. ಕಾರಿನ ಗಾಜಿನ ಮೇಲೂ ಅದೇ, ಹೊಸ ಮನೆಯ ಗೋಡೆಯ ಮೇಲೂ ಅದೇ.

ಇಡೀ ಅಧ್ಯಾಯ ಓದಿದರೆ ಚಿತ್ರ ಬದಲಾಗುತ್ತದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ. ಬಿಡುಗಡೆ ಎಪ್ಪತ್ತು ವರ್ಷದ ಮೇಲೆ ಎಂದು ಅದರಲ್ಲೇ ಇದೆ. ಅಂದರೆ ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಆ ಪರದೇಶದಲ್ಲೇ ಮಣ್ಣಾಗುವವರು. ಅಲ್ಲಿಯವರೆಗೆ ಮಾಡಬೇಕಾದದ್ದು ಏನು? ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿಸಿ, ಸೆರೆಯೊಯ್ದ ಆ ಊರಿನ ಒಳಿತಿಗಾಗಿಯೇ ಬೇಡಿಕೊಳ್ಳಿ. ಉದ್ದೇಶವೆಂದರೆ ಎಲ್ಲೋ ಮುಂದೆ ಸಿಗುವ ಭಾಗ್ಯ ಎಂದುಕೊಂಡವರಿಗೆ ಯೆರೆಮೀಯ ಈಗಿರುವ ಬೀದಿಯನ್ನೇ ತೋರಿಸುತ್ತಾನೆ. ‘ಈ ವರ್ಷ ನಿಮಗೆ ಕಾರು, ಬಂಗಲೆ’ ಎಂದು ಮೈಕಿನಲ್ಲಿ ಘೋಷಿಸುವ ಬೋಧಕರು ಈ ಅಧ್ಯಾಯದ ಒಂದೇ ವಚನ ಓದಿ ಉಳಿದದ್ದನ್ನು ಬಿಡುವುದು ಸುಮ್ಮನೆ ಅಲ್ಲ.

ಕಾರ್ಡು ಎತ್ತಿ, ತಪ್ಪಿಲ್ಲ. ಮನೆಗೆ ಬಂದು ಅದರ ಪೂರ್ತಿ ಅಧ್ಯಾಯ ಓದಿ, ಅದು ನಿಮ್ಮಿಂದ ಕೇಳುವ ಒಂದು ಕೆಲಸವನ್ನು ಕಾರ್ಡಿನ ಹಿಂದೆ ಬರೆದುಕೊಳ್ಳಿ.

6. ದಿನದ ಕೆಲಸವನ್ನು ಕರೆಯಿಂದ ಬೇರೆ ಮಾಡಬೇಡಿ

ಸಂತ ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಯ ಜೊತೆ ಕೂತು ಗುಡಾರ ಹೊಲಿದ. ನಮ್ಮ ಹತ್ತಿರದ ಉದಾಹರಣೆ ಬೇಕಾದರೆ ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದ ಅದರ ಮಿಷನರಿಗಳಿಗೆ ಬಹುಬೇಗ ಒಂದು ಕಷ್ಟ ಎದುರಾಯಿತು: ಕ್ರೈಸ್ತರಾದವರಿಗೆ ಮನೆಯೂ ಹೋಗುತ್ತಿತ್ತು, ಉಳುವ ನೆಲವೂ ಹೋಗುತ್ತಿತ್ತು. ಹಾಗಾಗಿ ಅಚ್ಚುಕೂಟ, ಮಗ್ಗ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂದವು. ಧರ್ಮಪ್ರಚಾರಕ್ಕೆಂದು 1853ರಲ್ಲಿ ಬಂದಿಳಿದ ಫರ್ಡಿನಾಂಡ್ ಕಿಟ್ಟೆಲರನ್ನು ಕನ್ನಡಿಗರು ಇವತ್ತಿಗೂ ನೆನೆಯುವುದು 1894ರ ನಿಘಂಟಿಗಾಗಿ. ಕಿಟ್ಟೆಲರ ಪ್ರಸಂಗಗಳನ್ನು ಯಾರು ನೆನಪಿಟ್ಟಿದ್ದಾರೆ?

ನಿಮ್ಮದು ಲೆಕ್ಕಪತ್ರದ ಕೆಲಸವಾದರೆ ಲೆಕ್ಕ ಸರಿಯಿರಲಿ. ದಾದಿಯಾದರೆ ಮೂರನೇ ಸಲ ಗಂಟೆ ಒತ್ತಿದ ರೋಗಿಯ ಹತ್ತಿರ ಹೋಗಿ.

7. ‘ಇಲ್ಲ’ ಎನ್ನುವುದನ್ನು ಮುಂಚೆಯೇ ತೀರ್ಮಾನಿಸಿ

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಓಟಗಾರ ಎರಿಕ್ ಲಿಡೆಲ್ ಭಾನುವಾರ ಓಡುವುದಿಲ್ಲವೆಂದು ನೂರು ಮೀಟರ್ ಬಿಟ್ಟದ್ದು ಎಲ್ಲರಿಗೂ ಗೊತ್ತು. ಅವರ ಕುರಿತ ಸಿನಿಮಾದಲ್ಲಿ ಅದು ಕೊನೆಗಳಿಗೆಯ ನಾಟಕವಾಗಿದೆ. ನಿಜದಲ್ಲಿ ವೇಳಾಪಟ್ಟಿ ತಿಂಗಳುಗಳ ಮುಂಚೆ ಗೊತ್ತಾಗಿತ್ತು. ಅವರು ಆಗಲೇ ನಿರ್ಧರಿಸಿ ನಾನ್ನೂರು ಮೀಟರಿಗೆ ತಾಲೀಮು ನಡೆಸಿದರು. 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಆಮೇಲೆ ಚೀನಾಕ್ಕೆ ಮಿಷನರಿಯಾಗಿ ಹೋಗಿ, 1945ರಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ತೀರಿಕೊಂಡರು.

ಲಂಚದ ಕವರು ಮೇಜಿನ ಮೇಲೆ ಬಂದ ಮೇಲೆ ಮನಸ್ಸಾಕ್ಷಿಯನ್ನು ಕೇಳಲು ಕೂತರೆ ತಡವಾಯಿತು. ನೀವು ಎಂದೂ ಮಾಡದ ಮೂರು ಸಂಗತಿಗಳನ್ನು ಇವತ್ತೇ ಬರೆದಿಡಿ.

8. ಮದುವೆ ಮಾತುಕತೆಯ ದಿನ ನಿಮ್ಮ ಮಾತನ್ನು ನೀವೇ ಕೇಳಿಸಿಕೊಳ್ಳಿ

ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ, ಗಂಡು, ಹೆಣ್ಣು ಎಂಬ ಭೇದ ಕ್ರಿಸ್ತನಲ್ಲಿ ನಿಲ್ಲದು ಎಂದು ಪೌಲ ಗಲಾತ್ಯದವರಿಗೆ ಬರೆದದ್ದನ್ನು ನಾವು ಇಗರ್ಜಿಯಲ್ಲಿ ಎದ್ದು ನಿಂತು ಓದುತ್ತೇವೆ. ಸಂಬಂಧ ಕುದುರಿಸುವಾಗ ಮಾತ್ರ ‘ಅವರು ಮೂಲತಃ ಯಾರು?’ ಎಂಬ ಪ್ರಶ್ನೆ ಕಾಫಿಗಿಂತ ಮುಂಚೆ ಬರುತ್ತದೆ. ನೂರಾರು ವರ್ಷಗಳ ಹಿಂದೆ ಬಿಟ್ಟುಬಂದ ಜಾತಿಯ ಹೆಸರು ಕರಾವಳಿಯ ಎಷ್ಟೋ ಮನೆಗಳಲ್ಲಿ ಇನ್ನೂ ಬಾಯಿಯಲ್ಲಿದೆ. ತಿರುಚಿರಾಪಳ್ಳಿಯಲ್ಲಂತೂ ಸತ್ತವರನ್ನೂ ಜಾತಿಯಂತೆ ಬೇರ್ಪಡಿಸಲು ಕ್ರೈಸ್ತ ಸ್ಮಶಾನದೊಳಗೆ ಗೋಡೆ ಎಬ್ಬಿಸಿದ್ದಾರೆ.

ಇದರ ಇನ್ನೊಂದು ಮುಖವನ್ನು ದಲಿತ ಕ್ರೈಸ್ತರು ನೋಡುತ್ತಾರೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ ಮಾತ್ರ ಅನ್ವಯವಾಯಿತು, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡಿತು, ಕ್ರೈಸ್ತರು ಹೊರಗುಳಿದರು. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂಬ ವಾದ ಕಾಗದದ ಮೇಲೆ, ಜಾತಿ ಕೇಳುವ ಸ್ವಂತ ಸಭೆ ಎದುರಿಗೆ. ಎರಡೂ ಕಡೆ ಬಾಗಿಲು ಹಾಕಿಸಿಕೊಂಡವರು ಅವರು.

ಆತ್ಮಪರೀಕ್ಷೆಯ ಪುಸ್ತಕಗಳು ಕೋಪ, ಅಸೂಯೆ, ಕಾಮ ಎಂದೆಲ್ಲ ಪಟ್ಟಿ ಕೊಡುತ್ತವೆ. ಭಾರತದ ಕ್ರೈಸ್ತರ ಪಟ್ಟಿಯಲ್ಲಿ ಜಾತಿ ಮೊದಲ ಸಾಲಿನಲ್ಲಿರಬೇಕು ಎಂಬುದು ನನ್ನ ಹಟ. ಮಗನಿಗೋ ಮಗಳಿಗೋ ಸಂಬಂಧ ನೋಡುವಾಗ ನಿಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ ನೀವು ಯಾರು ಎಂಬುದನ್ನು ಹೇಳುವಷ್ಟು ನೇರವಾಗಿ ನಿಮ್ಮ ದೀಕ್ಷಾಸ್ನಾನದ ಪುಸ್ತಕ ಹೇಳುವುದಿಲ್ಲ.

9. ಒಬ್ಬರಿಗಾದರೂ ಲೆಕ್ಕ ಒಪ್ಪಿಸಿ

ಒಂಟಿಯಾಗಿ ಮಾಡಿಕೊಳ್ಳುವ ಆತ್ಮಪರೀಕ್ಷೆಯಲ್ಲಿ ನ್ಯಾಯಾಧೀಶನೂ ನೀವೇ, ಆರೋಪಿಯೂ ನೀವೇ. ತೀರ್ಪು ಹೇಗಿರುತ್ತದೆ ಹೇಳಬೇಕೇ? ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ. ಪ್ರೊಟೆಸ್ಟೆಂಟರಿಗೆ ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿಯವರ ಉಪಾಯವಿದೆ, ಅದು ಹುಟ್ಟಿದ ಬಗೆ ಸೊಗಸಾಗಿದೆ. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. ಸದಸ್ಯರನ್ನು ಹನ್ನೆರಡು ಹನ್ನೆರಡು ಮಂದಿಯ ಗುಂಪು ಮಾಡಿ, ಒಬ್ಬೊಬ್ಬರಿಂದ ವಾರಕ್ಕೊಂದು ಪೆನ್ನಿ ಎತ್ತಲು ಒಬ್ಬ ಮುಖಂಡನನ್ನು ನೇಮಿಸಿದರು. ಹಣಕ್ಕೆಂದು ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಜಗಳ ಎಂಬುದೆಲ್ಲ ಕಾಣತೊಡಗಿತು. ವೆಸ್ಲಿ ತಮಗೆ ಬೇಕಾಗಿದ್ದದ್ದು ಇದೇ ಎಂದು ಹಿಡಿದುಕೊಂಡರು. ಸಾಲದ ವಸೂಲಿಗೆ ಕಟ್ಟಿದ ಗುಂಪು ಒಬ್ಬರ ಆತ್ಮದ ಕ್ಷೇಮವನ್ನು ಇನ್ನೊಬ್ಬರು ವಿಚಾರಿಸುವ ಕೂಟವಾಯಿತು.

ನಿಮಗೆ ಹನ್ನೆರಡು ಜನ ಬೇಡ, ಒಬ್ಬರು ಸಾಕು. ನಿಮ್ಮನ್ನು ಹೊಗಳದವರು, ಕೇಳಿದ್ದನ್ನು ವಾಟ್ಸಾಪ್ ಗುಂಪಿನಲ್ಲಿ ‘ಪ್ರಾರ್ಥನೆಯ ವಿಷಯ’ ಎಂದು ಹಾಕದವರು. ಎರಡನೆಯ ಗುಣವಿರುವವರು ಸಿಗುವುದು ಕಷ್ಟ.

10. ನೆರೆಯವರ ಕಣ್ಣಲ್ಲಿ ಒಮ್ಮೆ ನೋಡಿಕೊಳ್ಳಿ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಮಂಗಳೂರು, ಬೆಂಗಳೂರು ಬಿಟ್ಟರೆ ಎಷ್ಟೋ ಊರುಗಳಲ್ಲಿ ನಿಮ್ಮ ಓಣಿಯವರು ಹತ್ತಿರದಿಂದ ಕಂಡ ಕ್ರೈಸ್ತರು ನೀವೊಬ್ಬರೇ ಇರಬಹುದು. ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ ಹಂಚುವುದು ಸರಿ. ಪಾರ್ಕಿಂಗ್ ಜಗಳದಲ್ಲಿ ನೀವು ಹೇಗೆ ಮಾತಾಡಿದಿರಿ ಎಂಬುದನ್ನೂ ಅವರು ನೆನಪಿಟ್ಟಿರುತ್ತಾರೆ.

11. ಫೋನಿನ ಪಾವತಿ ಪಟ್ಟಿ ತೆರೆಯಿರಿ

ತಿಂಗಳಿಗೊಮ್ಮೆ. ಯಾವುದಕ್ಕೆ ಎಷ್ಟು ಹೋಗಿದೆ ಎಂದು ಮೇಲಿಂದ ಕೆಳಗೆ ಓದಿ. ದಶಮಾಂಶ ಕೊಟ್ಟು ಕೈ ತೊಳೆದುಕೊಂಡವರು ಉಳಿದ ಒಂಬತ್ತು ಪಾಲನ್ನೂ ಓದಬೇಕು.

12. ಒಣಗಿದ ದಿನಗಳಲ್ಲೂ ಹಾಜರಿ ಹಾಕಿ

1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಮದರ್ ತೆರೇಸಾ ಅವರಿಗೆ ಬಡವರ ನಡುವೆ ಬಾಳುವ ಕರೆ ಕೇಳಿಸಿತು. ಆ ಕೆಲಸ ಶುರುವಾದ ಮೇಲೆ ಪ್ರಾರ್ಥನೆಯಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಕತ್ತಲೆ, ದೇವರಿಲ್ಲವೇನೋ ಎಂಬಷ್ಟು ಮೌನ. ಸುಮಾರು ಐವತ್ತು ವರ್ಷದ ಆ ಅನುಭವ ಹೊರಗೆ ವಿವರವಾಗಿ ತಿಳಿದದ್ದು 2007ರಲ್ಲಿ ಅವರ ಪತ್ರಗಳು ಅಚ್ಚಾದಾಗ. ಆ ಐವತ್ತು ವರ್ಷವೂ ಅವರು ಬೆಳಗಿನ ಪ್ರಾರ್ಥನೆಗೆ ಎದ್ದರು, ರೋಗಿಗಳ ಮೈ ತೊಳೆದರು.

ಆರಾಧನೆಯಲ್ಲಿ ಕಣ್ಣೀರು ಬಂದ ದಿನ ಭಕ್ತಿ ಏರಿದೆ, ಬಾರದ ದಿನ ಇಳಿದಿದೆ ಎಂದು ಅಳೆಯುವವರಿಗೆ ಈ ಪತ್ರಗಳನ್ನು ಓದಿಸಬೇಕು.

ಹನ್ನೆರಡನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಬೂದಿ ಬುಧವಾರ ಹತ್ತಿರವಿದ್ದರೆ ಆ ದಿನದಿಂದ ಶುರುಮಾಡುವುದು ಅನುಕೂಲ. ಭಾನುವಾರ ಬಿಟ್ಟು ಈಸ್ಟರ್‌ವರೆಗೆ ನಲವತ್ತು ದಿನ ಸಿಗುತ್ತವೆ. ಮೊದಲ ವಾರ ಎರಡನೆಯದು ಮಾತ್ರ. ಅದು ರೂಢಿಯಾದ ಮೇಲೆ ಮೂರನೆಯದರ ಚುಕ್ಕಿ ಹಾಳೆ ಹಿಡಿಯಿರಿ, ತಿಂಗಳೊಳಗೆ ಒಂಬತ್ತನೆಯದಕ್ಕೆ ಒಬ್ಬರನ್ನು ಹುಡುಕಿಕೊಳ್ಳಿ. ಮನೆಯಲ್ಲಿ ಮದುವೆಯ ವಯಸ್ಸಿನ ಮಕ್ಕಳಿದ್ದರೆ ಮಾತ್ರ ಎಂಟನೆಯದಕ್ಕೆ ಬೂದಿ ಬುಧವಾರ ಕಾಯಬೇಡಿ. ಗಂಡ ಹೆಂಡತಿ ಕೂತು ಇವತ್ತೇ ಮಾತಾಡಿ, ದಲ್ಲಾಳಿ ಭಾನುವಾರ ಬರುವ ಮುಂಚೆ.